ಮನೆಯ ಇವಿ ಚಾರ್ಜರ್ ಪಕ್ಕದವರಿಗೆ ಕೊಡಬಹುದಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಈ ವಾರ ಪೂರ್ತಿ ಇದೇ ಚರ್ಚೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಸ್ವಂತ ಮನೆ. ಗೇಟಿನ ಒಳಗೆ ಎಲೆಕ್ಟ್ರಿಕ್ ಕಾರು (ಇವಿ) ನಿಲ್ಲುವ ಕಡೆ ಗೋಡೆಗೆ 7.4 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದ್ದೇವೆ. ನಮ್ಮ ಓಡಾಟಕ್ಕೆ ವಾರದಲ್ಲಿ ಒಂದೆರಡು ರಾತ್ರಿ ಚಾರ್ಜ್ ಮಾಡಿದರೆ ಸಾಕು. ಉಳಿದ ದಿನ ಅದು ಸುಮ್ನೆ ಇರುತ್ತದೆ. ಹಿಂದಿನ ಸಾಲಿನ ಬಾಡಿಗೆ ಮನೆಯವರು ಇತ್ತೀಚೆಗೆ ಎಲೆಕ್ಟ್ರಿಕ್ ಕಾರು ತಗೊಂಡರು. ಅವರ ಮನೆ ಮಾಲೀಕರು ಚಾರ್ಜರ್ ಹಾಕಿಸೋದಕ್ಕೆ ಬಿಡುತ್ತಿಲ್ಲವಂತೆ. ಮೊನ್ನೆ ಬಂದು ತುಂಬಾ ಸಂಕೋಚದಿಂದ, "ವಾರಕ್ಕೊಂದು ಸಲ ನಿಮ್ಮಲ್ಲಿ ಹಾಕಿಕೊಳ್ಳಬಹುದಾ? ಕರೆಂಟಿನ ದುಡ್ಡು ಕೊಡುತ್ತೇವೆ" ಅಂತ ಕೇಳಿದರು.

ನನಗೆ ಕೊಡಬೇಕು ಅಂತಲೇ ಮನಸ್ಸು. ನಮ್ಮ ಯಜಮಾನರು ಬೇಡ ಅನ್ನುತ್ತಾರೆ. "ಇವತ್ತು ಒಬ್ಬರು, ನಾಳೆ ಇಡೀ ಬೀದಿ" ಅಂತ ಅವರ ಮಾತು. ಅತ್ತೆಗೆ ಕೊಡೋದರಲ್ಲಿ ತಕರಾರಿಲ್ಲ, ಆದರೆ ಅಕ್ಕಪಕ್ಕದವರ ಹತ್ತಿರ ದುಡ್ಡು ತಗೊಳ್ಳೋದು ಸರಿಯಲ್ಲ ಅನ್ನುತ್ತಾರೆ. ಇಲ್ಲಿ ಯಾರಾದರೂ ಹೀಗೆ ಕೊಟ್ಟಿದ್ದೀರಾ? ಅಥವಾ ಬೇರೆಯವರ ಮನೆಯಲ್ಲಿ ಚಾರ್ಜ್ ಮಾಡುತ್ತಿದ್ದೀರಾ?

ನೇರಮಾತು:
ಕೊಡಿ. ಯೋಚನೆ ಮಾಡೋದೇನಿದೆ ಇದರಲ್ಲಿ?

ಮಹಡಿಮನೆ:
ಯೋಚನೆ ಮಾಡೋದು ಬೇಕಾದಷ್ಟಿದೆ. ನನ್ನ ತಕರಾರು ಕರೆಂಟಿಗಲ್ಲ, ಗೇಟಿಗೆ. ಚಾರ್ಜರ್ ಕೊಡೋದು ಅಂದರೆ ವೈಫೈ ಪಾಸ್‌ವರ್ಡ್ ಕೊಟ್ಟ ಹಾಗಲ್ಲ. ಒಬ್ಬರು ಕಾರು ತಂದು ನಿಮ್ಮ ಅಂಗಳದಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ರಾತ್ರಿ ಹತ್ತಕ್ಕೆ ಬಂದು ಬೆಲ್ ಮಾಡುತ್ತಾರೆ, ಬೆಳಿಗ್ಗೆ ಐದಕ್ಕೆ ತೆಗೆಯೋದಕ್ಕೆ ಬರುತ್ತಾರೆ. ನೀವು ಊರಿಗೆ ಹೋದರೆ ಬೀಗದ ಕೈ ಯಾರ ಹತ್ತಿರ ಇರಬೇಕು? ಒಂದು ಸಲ ಹೂಂ ಅಂದ ಮೇಲೆ ಊಹೂಂ ಅನ್ನೋದು ಕಷ್ಟ. ನಿಮ್ಮ ಯಜಮಾನರು ಹೇಳಿದ್ದೇ ಸರಿ.

ಯೂನಿಟ್‌ಲೆಕ್ಕ:
ಕೊಡೋದು ಬಿಡೋದು ನಿಮ್ಮಿಷ್ಟ. ಕೊಡುವುದಾದರೆ ದುಡ್ಡಿನ ಲೆಕ್ಕ ಮೊದಲೇ ಸರಿ ಮಾಡಿಕೊಳ್ಳಿ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಗಂಟೆ ಲೆಕ್ಕದಲ್ಲಿ ಯಾವತ್ತೂ ದುಡ್ಡು ತಗೊಳ್ಳಬೇಡಿ. ಗೋಡೆ ಮೇಲಿರುವ ಡಬ್ಬಿ 7.4 ಕಿಲೋವ್ಯಾಟ್ ಕೊಡುತ್ತದೆ ನಿಜ (230 ವೋಲ್ಟ್, 32 ಆಂಪಿಯರ್). ಆದರೆ ಎಷ್ಟು ತಗೊಳ್ಳಬೇಕು ಅಂತ ತೀರ್ಮಾನ ಮಾಡೋದು ಕಾರಿನ ಒಳಗಿರುವ ಚಾರ್ಜರ್. ಅದು 3.3 ಕಿಲೋವ್ಯಾಟ್‌ನದ್ದಾದರೆ ನಿಮ್ಮ ದೊಡ್ಡ ಚಾರ್ಜರ್‌ನಿಂದಲೂ 3.3 ಮಾತ್ರ ಎಳೆಯುತ್ತದೆ. ಅಂದರೆ ಒಂದೇ ಗಂಟೆಗೆ ಒಬ್ಬರಿಗೆ ಏಳು ಯೂನಿಟ್, ಇನ್ನೊಬ್ಬರಿಗೆ ಮೂರು ಯೂನಿಟ್. ಗಂಟೆ ಲೆಕ್ಕ ಹಾಕಿದರೆ ಚಿಕ್ಕ ಕಾರಿನವರಿಗೆ ಅನ್ಯಾಯ. ಯೂನಿಟ್ ಲೆಕ್ಕವೇ ಸರಿ.

ಇನ್ನೊಂದು, ಕಾರಿನ ಪರದೆ ತೋರಿಸುವ ಯೂನಿಟ್ ನಂಬಬೇಡಿ. ಅದು ಬ್ಯಾಟರಿಗೆ ಸೇರಿದ್ದು. ದಾರಿಯಲ್ಲಿ ಹತ್ತು ಶೇಕಡಾದಷ್ಟು ಶಾಖವಾಗಿ ಹೋಗುತ್ತದೆ, ಕೆಲವು ಸಲ ಇನ್ನೂ ಜಾಸ್ತಿ. ನಿಮ್ಮ ಬಿಲ್ಲಿಗೆ ಬರೋದು ಗೋಡೆಯಿಂದ ಹೊರಟದ್ದು. ಆದ್ದರಿಂದ ಚಾರ್ಜರ್ ತೋರಿಸುವ ಅಂಕಿಯನ್ನೇ ಹಿಡಿಯಿರಿ. ಇಲ್ಲ ಅಂದರೆ ಆ ಲೈನಿಗೆ ಒಂದು ಸಬ್‌ಮೀಟರ್ ಹಾಕಿಸಿ.

ಮೂರನೆಯದು ಸ್ಲ್ಯಾಬ್. ಬಳಕೆ ಹೆಚ್ಚಾದಂತೆ ಯೂನಿಟ್ ದರ ಏರುವ ಕಡೆ ಅವರು ಬಳಸಿದ ಯೂನಿಟ್‌ಗಳು ನಿಮ್ಮ ಬಿಲ್ಲಿನ ತುದಿಯ ದರಕ್ಕೆ ಬೀಳುತ್ತವೆ. ಸರಾಸರಿ ದರ ತಗೊಂಡರೆ ನಿಮಗೆ ನಷ್ಟ.

ಸಂಜೆಗಾಳಿ:
@ಯೂನಿಟ್‌ಲೆಕ್ಕ ಸ್ಲ್ಯಾಬ್ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ ಸಾರ್. ವಾರಕ್ಕೊಮ್ಮೆ ಅಂದರೆ ಎಷ್ಟು ಯೂನಿಟ್ ಆಗಬಹುದು?

ಯೂನಿಟ್‌ಲೆಕ್ಕ:
ಮಾಮೂಲಿ ಕಾರು 100 ಕಿ.ಮೀ.ಗೆ ಸುಮಾರು 15 ಯೂನಿಟ್ ತಿನ್ನುತ್ತದೆ. ಅವರು ವಾರಕ್ಕೆ 200 ಕಿ.ಮೀ. ಓಡಿಸುತ್ತಾರೆ ಅಂದುಕೊಳ್ಳಿ. ಮೂವತ್ತು ಯೂನಿಟ್, ಸೋರಿಕೆ ಸೇರಿಸಿದರೆ 33ರ ಹತ್ತಿರ. ಅವರ ಕಾರು ಪೂರ್ತಿ 7.4 ಎಳೆಯುವುದಾದರೆ ನಾಲ್ಕೂವರೆ ಗಂಟೆ, 3.3 ಆದರೆ ಹತ್ತು ಗಂಟೆ. ಯಾವ ಕಾರು ಅಂತ ಕೇಳಿ ನೋಡಿ. ನಿಮ್ಮ ಅಂಗಳದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಅದರ ಮೇಲೆ ಹೋಗುತ್ತದೆ.

ಬಾಡಿಗೆಮನೆ:
ನಾನು ಆ ಕಡೆಯವನು. ಅಂದರೆ ಕೇಳುವ ಕಡೆಯವನು.

ಅಕ್ಕ, ಅವರು ನಿಮ್ಮ ಮನೆ ಬಾಗಿಲಿಗೆ ಬರುವ ಮೊದಲು ಎಷ್ಟು ಹಿಂದೆ ಮುಂದೆ ನೋಡಿರುತ್ತಾರೋ ನನಗೆ ಗೊತ್ತು. ಸ್ವಂತ ಮನೆ, ಸ್ವಂತ ಗೋಡೆ ಇರುವವರಿಗೆ ಇವಿ ಅಂದರೆ ಆರಾಮ. ರಾತ್ರಿ ಹಾಕು, ಬೆಳಿಗ್ಗೆ ತೆಗಿ. ನಮಗೆ ಹಾಗಲ್ಲ. ಕೆಲಸ ಮುಗಿಸಿ ಬಂದು, ಮತ್ತೆ ಫಾಸ್ಟ್ ಚಾರ್ಜರ್ ಹುಡುಕಿಕೊಂಡು ಹೋಗಿ, ಮುಂದಿರುವ ಕಾರು ಮುಗಿಯುವ ತನಕ ಕಾದು, ಮನೆ ದರಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟು ಬರಬೇಕು. ಕಾರು ತಗೊಂಡಿದ್ದೇ ತಪ್ಪಾಯಿತಾ ಅನ್ನಿಸುವ ಹಾಗೆ ಆಗುತ್ತದೆ.

ನನಗೆ ನಮ್ಮ ಎದುರು ಮನೆಯವರು ಜಾಗ ಕೊಟ್ಟಿದ್ದಾರೆ. ಮೊದಲು ಬಿಟ್ಟಿ ಕೊಡುತ್ತೇವೆ ಅಂದರು. ನಾನೇ ಹಟ ಮಾಡಿ ದುಡ್ಡು ಕೊಡುತ್ತಿದ್ದೇನೆ. ಬಿಟ್ಟಿ ತಗೊಂಡರೆ ಪ್ರತಿ ಸಲ ಕೇಳುವಾಗಲೂ ಬಾಯಿ ಬರಲ್ಲ. ದುಡ್ಡು ಕೊಟ್ಟರೆ ಧೈರ್ಯವಾಗಿ "ಗುರುವಾರ ಹಾಕಿಕೊಳ್ಳಲಾ?" ಅಂತ ಕೇಳಬಹುದು. ನಿಮ್ಮ ಅತ್ತೆಗೆ ಇದನ್ನು ಹೇಳಿ. ದುಡ್ಡು ತಗೊಳ್ಳೋದು ಕೂಡ ಒಂದು ಉಪಕಾರವೇ.

ನೇರಮಾತು:
👆 ಇದು ಸರಿಯಾದ ಮಾತು.

ಹಳೇಚಾಲಕ:
ಮಾತು ಚೆನ್ನಾಗಿದೆ. ಆದರೆ ಎಲ್ಲರೂ ಬಾಡಿಗೆಮನೆಯವರ ಹಾಗೆ ಇರಲ್ಲ. ನನಗೆ ಆದದ್ದು ಹೇಳುತ್ತೇನೆ.

ನಮ್ಮ ಬೀದಿಯವರೊಬ್ಬರಿಗೆ ಕೊಟ್ಟಿದ್ದೆ. ಒಳ್ಳೆಯ ಮನುಷ್ಯ, ದುಡ್ಡಿನಲ್ಲಿ ಚೊಕ್ಕ. ಆದರೆ ಕಾರು ಫುಲ್ ಆದ ಮೇಲೂ ತೆಗೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಅರ್ಜೆಂಟಾಗಿ ಹೊರಡಬೇಕು, ನನ್ನ ಕಾರು ಒಳಗೆ, ಅವರ ಕಾರು ಗೇಟಿಗೆ ಅಡ್ಡ. ಫೋನ್ ಎತ್ತುತ್ತಿಲ್ಲ. ಕೇಬಲ್ ಕಿತ್ತು ಹಾಕೋಣ ಅಂದರೆ ಅದು ಬರಲ್ಲ. ಟೈಪ್ 2 ಪ್ಲಗ್ ಕಾರಿಗೆ ಸಿಕ್ಕಿದ ಮೇಲೆ ಒಳಗಿನಿಂದ ಒಂದು ಪಿನ್ನು ಬಂದು ಲಾಕ್ ಮಾಡುತ್ತದೆ. ಆ ಕಾರನ್ನು ಅನ್‌ಲಾಕ್ ಮಾಡದೆ ಅದು ಬಿಡಲ್ಲ. ಚಾರ್ಜರ್ ಸ್ವಿಚ್ ಆಫ್ ಮಾಡಿದರೂ ಅಷ್ಟೇ. ಬಂದರೂ ಏನು ಪ್ರಯೋಜನ, ಕಾರು ತಳ್ಳೋದಕ್ಕಾಗಲ್ಲ. ಕೊನೆಗೆ ಆಟೋ ಹಿಡಿದು ಹೋದೆ.

ಆಮೇಲೆ ಜಗಳವೇನೂ ಆಗಲಿಲ್ಲ. ಆದರೆ ಮುಖ ಕೊಟ್ಟು ಮಾತಾಡೋದು ಕಮ್ಮಿಯಾಯಿತು. ಒಂದು ಪ್ಲಗ್‌ಗೋಸ್ಕರ ಒಳ್ಳೆಯ ನೆರೆಹೊರೆ ಕಳಕೊಂಡೆ ಅಂತ ಈಗಲೂ ಬೇಸರ ಇದೆ.

ಮಹಡಿಮನೆ:
ನಾನು ಹೇಳಿದ್ದು ಇದನ್ನೇ.

ಬಾಡಿಗೆಮನೆ:
@ಹಳೇಚಾಲಕ ನಿಮಗಾದದ್ದು ನಿಜವಾಗಿಯೂ ಬೇಜಾರಿನ ವಿಷಯ. ಆದರೆ ಇಷ್ಟು ಗಂಟೆಗೆ ತೆಗೆಯಬೇಕು ಅಂತ ಮೊದಲೇ ಮಾತಾಗಿತ್ತಾ?

ಹಳೇಚಾಲಕ:
ಇಲ್ಲ. "ಆದ ಮೇಲೆ ತೆಗೆದರಾಯಿತು" ಅಂತ ಬಾಯಿಮಾತು. ಆದರೆ ದೊಡ್ಡವರಿಗೆ ಅದನ್ನೂ ಹೇಳಬೇಕಾ?

ಕೇಬಲ್‌ಅಕ್ಕ:
ಹೇಳಬೇಕು ಸಾರ್. ಫುಲ್ ಆಗುವ ಹೊತ್ತು ಎಲ್ಲರಿಗೂ ನಡುರಾತ್ರಿಯೇ. ಎರಡು ಗಂಟೆಗೆ ಎದ್ದು ಬಂದು ತೆಗೆದರೆ ನೀವೇ ಬೈಯುತ್ತಿದ್ದಿರಿ. "ಆದ ಮೇಲೆ" ಅನ್ನೋದಕ್ಕೆ ಅರ್ಥವೇ ಇಲ್ಲ. "ಬೆಳಿಗ್ಗೆ ಆರೂವರೆಗೆ ಕಾರು ಹೊರಗೆ" ಅನ್ನೋದಕ್ಕೆ ಅರ್ಥ ಇದೆ.

ಎಂಸಿಬಿ32:
ನಾನು ವೈರಿಂಗ್ ಕೆಲಸ ಮಾಡುವವನು. ಎಲ್ಲರೂ ಮನಸ್ಸು, ಮರ್ಯಾದೆ ಅಂತ ಮಾತಾಡುತ್ತಿದ್ದೀರಿ. ಯಾರೂ ವೈರಿನ ಬಗ್ಗೆ ಕೇಳಲಿಲ್ಲ.

ಗೀಸರ್ ಅರ್ಧ ಗಂಟೆ ಓಡುತ್ತದೆ, ಆಫ್ ಆಗುತ್ತದೆ. ಕಾರು ಐದಾರು ಗಂಟೆ ಒಂದೇ ಸಮನೆ 32 ಆಂಪಿಯರ್ ಎಳೆಯುತ್ತದೆ. ಮನೆಯಲ್ಲಿ ಬೇರೆ ಯಾವುದೂ ಹೀಗೆ ಎಳೆಯಲ್ಲ. ಎರಡು ಮನೆಯ ಕಾರು ಹಾಕಿದರೆ ಆ ಲೈನಿನ ಕೆಲಸ ಎರಡರಷ್ಟಾಯಿತು. ನಾನು ಬಿಚ್ಚಿ ನೋಡಿದ ಸುಟ್ಟ ಚಾರ್ಜರ್ ಲೈನುಗಳಲ್ಲಿ ಹೆಚ್ಚಿನವು ಸ್ಕ್ರೂ ಹತ್ತಿರವೇ ಹೋಗಿದ್ದವು. ವೈರ್ ದಪ್ಪ ಸರಿಯಾಗಿಯೇ ಇರುತ್ತದೆ. ಎಂಸಿಬಿಗೆ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಸೇರುವ ಕಡೆ ಸ್ಕ್ರೂ ಕಾಲು ಸುತ್ತು ಸಡಿಲ ಇರುತ್ತದೆ. ದಿನಾ ಬಿಸಿಯಾಗಿ, ತಣ್ಣಗಾಗಿ, ಇನ್ನಷ್ಟು ಸಡಿಲವಾಗುತ್ತದೆ. ಮೊದಲು ಇನ್ಸುಲೇಷನ್ ತುದಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಗಟ್ಟಿಯಾಗಿ ಪುಡಿ ಪುಡಿ ಉದುರುತ್ತದೆ. ಆ ಹೊತ್ತಿಗೆ ವಾಸನೆ ಬರೋಕೆ ಶುರುವಾಗಿರುತ್ತದೆ. ಎಂಸಿಬಿ ಟ್ರಿಪ್ ಆಗಲ್ಲ, ಯಾಕೆಂದರೆ ಕರೆಂಟು ಮಿತಿ ಮೀರಿಲ್ಲ.

ಹಂಚಿಕೊಳ್ಳುವ ಮೊದಲು ಒಬ್ಬರನ್ನು ಕರೆಸಿ ಸ್ಕ್ರೂ ಬಿಗಿ ಮಾಡಿಸಿ, ಅರ್ಥಿಂಗ್ ಅಳೆಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಇದೆಯಾ ನೋಡಿಸಿ. ಟೆಸ್ಟ್ ಬಟನ್ ಒತ್ತಿದರೆ ಬೀಳಬೇಕು. ಕಾರಿನಿಂದ ಡಿಸಿ ಸೋರಿಕೆಯಾದರೆ ಮಾಮೂಲಿ ಆರ್‌ಸಿಸಿಬಿ ಮಂಕಾಗಿ, ಬೀಳಬೇಕಾದಾಗ ಬೀಳದೆ ಇರಬಹುದು. ಅದಕ್ಕೆ ಒಳ್ಳೆಯ ಚಾರ್ಜರ್‌ಗಳ ಒಳಗೇ 6 ಮಿಲಿಆಂಪಿಯರ್ ಡಿಸಿ ಹಿಡಿಯುವ ಭಾಗ ಇರುತ್ತದೆ. ನಿಮ್ಮದರಲ್ಲಿ ಇದೆಯಾ ಅಂತ ಪುಸ್ತಕ ತೆಗೆದು ನೋಡಿ.

ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಕಾರು ಚಾರ್ಜ್ ಮಾಡುತ್ತೇವೆ ಅಂದರೆ ಯಾರಿಗೂ ಕೊಡಬೇಡಿ. ನೀವೂ ಮಾಡಬೇಡಿ.

ಸ್ಕೂಟರ್‌ಸವಾರಿ:
ಸ್ಕೂಟರ್‌ಗೂ ಇಷ್ಟೆಲ್ಲ ಬೇಕಾ ಅಣ್ಣ? ನಮ್ಮ ಮನೆ ಎರಡನೇ ಮಹಡಿ. ಕಿಟಕಿಯಿಂದ ವೈರ್ ಇಳಿಬಿಟ್ಟು ಹಾಕುತ್ತೇನೆ. ಕೆಳಗಿನವರು ಅವರ ಸಾಕೆಟ್ ಕೊಡುತ್ತೇವೆ ಅಂದಿದ್ದಾರೆ.

ಎಂಸಿಬಿ32:
ಸ್ಕೂಟರ್ ಬ್ಯಾಟರಿ ಮೂರು ಯೂನಿಟ್ ಆಸುಪಾಸು, ಎಳೆಯೋದೂ ಕಮ್ಮಿ. ಅಷ್ಟು ಭಯ ಬೇಡ. ಆದರೆ ಕಿಟಕಿಯಿಂದ ಇಳಿಬಿಡೋದು ನಿಲ್ಲಿಸಿ ತಮ್ಮಾ. ಕಿಟಕಿ ಚೌಕಟ್ಟಿಗೆ ಉಜ್ಜಿ ಉಜ್ಜಿ ವೈರ್ ಸಿಪ್ಪೆ ಹೋಗುತ್ತದೆ, ಮೇಲೆ ಮಳೆ ಬೀಳುತ್ತದೆ. ಕೆಳಗಿನವರು ಕೊಡುತ್ತೇನೆ ಅಂದರೆ ಇವತ್ತೇ ಹೂಂ ಅನ್ನಿ. ಅವರಿಗೂ ಒಂದು ಆರ್‌ಸಿಸಿಬಿ ಇರಲಿ.

ಸ್ಕೂಟರ್‌ಸವಾರಿ:
ಸರಿ ಅಣ್ಣ, ಈ ವಾರವೇ ಕೇಳುತ್ತೇನೆ.

ಹಳೇಚಾಲಕ:
ವೈರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗೇಟಿನ ಹೊರಗೆ ಕಾರು ನಿಲ್ಲಿಸಿ, ಒಳಗಿನಿಂದ ಕೇಬಲ್ ಎಳೆದು, ಜನ ಓಡಾಡುವ ದಾರಿಗೆ ಅಡ್ಡ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ವಯಸ್ಸಾದವರು, ಗಾಲಿಕುರ್ಚಿಯವರು, ಕಣ್ಣು ಕಾಣದವರು ಎಲ್ಲರೂ ನಡೆಯುವ ಜಾಗ ಅದು. ನಿಮ್ಮ ಉಪಕಾರದಿಂದ ಮೂರನೆಯವರ ಕಾಲು ಮುರಿಯಬಾರದು.

ಒಂಟಿಮನೆ:
ಒಂದು ವಿಷಯ ಯಾರೂ ಹೇಳಲಿಲ್ಲ. ನಾನು ಒಬ್ಬಳೇ ಇರುವ ಹೆಂಗಸು. ಮನೆಯಲ್ಲಿ ಚಾರ್ಜರ್ ಇದೆ. ಪ್ಲಗ್‌ಶೇರ್ ತರಹದ ಆ್ಯಪ್‌ನಲ್ಲಿ ಮನೆ ಚಾರ್ಜರನ್ನೂ ನಕ್ಷೆಗೆ ಹಾಕಬಹುದು. ಗೆಳೆಯರೊಬ್ಬರು "ಹಾಕು, ದಾರಿಹೋಕರಿಗೆ ಉಪಯೋಗ" ಅಂದರು. ನಾನು ಹಾಕಲಿಲ್ಲ. ಗುರುತಿಲ್ಲದವರು ಯಾವ ಹೊತ್ತಿನಲ್ಲಿ ಬರುತ್ತಾರೋ, ಎಷ್ಟು ಹೊತ್ತು ಕೂರುತ್ತಾರೋ ಗೊತ್ತಿಲ್ಲ. ನಾನು ಯಾವಾಗ ಮನೆಯಲ್ಲಿ ಇರಲ್ಲ ಅನ್ನೋದೂ ನಾಲ್ಕು ಜನಕ್ಕೆ ತಿಳಿಯುತ್ತದೆ.

ಆದರೆ ಪಕ್ಕದ ಮನೆಯ ದಂಪತಿಗೆ ಕೊಟ್ಟಿದ್ದೇನೆ. ಅವರು ಹಗಲು ಹೊತ್ತು, ಶನಿವಾರ ಮಾತ್ರ ಬರುತ್ತಾರೆ. "ಹಂಚಿಕೊಳ್ಳಲು ಒಪ್ಪುತ್ತೀರಾ" ಅಂತ ಕೇಳಿದರೆ ನನ್ನ ಉತ್ತರ, ಯಾರಿಗೆ ಅನ್ನೋದರ ಮೇಲೆ ಹೋಗುತ್ತದೆ. ಇಲ್ಲ ಅನ್ನುವವರನ್ನೆಲ್ಲ ಸ್ವಾರ್ಥಿಗಳು ಅಂತ ತೀರ್ಮಾನ ಮಾಡಬೇಡಿ.

ಕೇಬಲ್‌ಅಕ್ಕ:
ನೂರಕ್ಕೆ ನೂರು ಒಪ್ಪಿದೆ. ನಮ್ಮ ಬಳಗದಲ್ಲೂ ಇದೇ. ಗುರುತಿರುವ ಒಬ್ಬಿಬ್ಬರಿಗೆ ಎಲ್ಲರೂ ಹೂಂ ಅನ್ನುತ್ತಾರೆ. ನಕ್ಷೆಯಲ್ಲಿ ಹಾಕಿ ಯಾರು ಬೇಕಾದರೂ ಬನ್ನಿ ಅನ್ನೋದಕ್ಕೆ ಯಾರೂ ತಯಾರಿಲ್ಲ.

ದೂರದೇಶಿ:
ಆ್ಯಪ್ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ಬ್ರಿಟನ್ನಿನ ಕೋ ಚಾರ್ಜರ್, ಅಮೆರಿಕದ ಇವಿಮ್ಯಾಚ್ ಹುಟ್ಟಿದ್ದೇ ಈ ಕೆಲಸಕ್ಕೆ. ಮನೆಯವರು ದರ ಮತ್ತು ಹೊತ್ತು ಹಾಕುತ್ತಾರೆ, ಬೇಕಾದವರು ಮುಂಚೆಯೇ ಬುಕ್ ಮಾಡುತ್ತಾರೆ, ದುಡ್ಡು ಆ್ಯಪ್ ಮೂಲಕವೇ ಹೋಗುತ್ತದೆ. ಇದರ ದೊಡ್ಡ ಅನುಕೂಲ ನನಗೆ ಕಂಡಿದ್ದು, ಮುಖಾಮುಖಿ ದುಡ್ಡಿನ ಮಾತೇ ಬರಲ್ಲ. "ಈ ತಿಂಗಳದು ಬಾಕಿ ಇದೆ" ಅಂತ ಪಕ್ಕದವರಿಗೆ ನೆನಪಿಸುವ ಹಿಂಸೆ ಇಲ್ಲ. ನೆರೆಯವರ ನಡುವೆ ಹೆಚ್ಚು ಕೆಡೋದು ಅಲ್ಲೇ ಅಲ್ವಾ?

ನೇರಮಾತು:
ನನಗೆ ಇದೆಲ್ಲ ಅತಿ ಅನ್ನಿಸುತ್ತಿದೆ. ಪಕ್ಕದ ಮನೆಯವರಿಗೆ ಒಂದು ಪ್ಲಗ್ ಕೊಡೋದಕ್ಕೆ ಆ್ಯಪ್, ಬುಕಿಂಗ್, ಕರಾರು! ಸುಮ್ನೆ ಕೊಡಿ. ಮೂವತ್ತು ಯೂನಿಟ್‌ಗೆ ಯಾರೂ ಬಡವರಾಗಲ್ಲ.

ಯೂನಿಟ್‌ಲೆಕ್ಕ:
ವಾರಕ್ಕೆ 33 ಯೂನಿಟ್ ಅಂದರೆ ವರ್ಷಕ್ಕೆ 1,700 ದಾಟುತ್ತದೆ. ಎಷ್ಟೋ ಮನೆಗಳಲ್ಲಿ ಇಡೀ ವರ್ಷದ ಬಳಕೆಯೇ ಅಷ್ಟು. ನಿಮಗೆ ಸುಮ್ನೆ ಕೊಡುವ ಶಕ್ತಿ ಇದ್ದರೆ ಕೊಡಿ, ಸಂತೋಷ. ಬೇರೆಯವರಿಗೆ "ಯೋಚನೆ ಮಾಡಬೇಡಿ" ಅನ್ನಬೇಡಿ.

ಬಾಡಿಗೆಮನೆ:
ನೇರಮಾತು ಅವರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ಮೇಲೆ ಹೇಳಿದೆನಲ್ಲ, ಬಿಟ್ಟಿ ತಗೊಳ್ಳುವವರಿಗೂ ಅದು ಭಾರ. ಆರು ತಿಂಗಳಾದ ಮೇಲೆ ನೀವೇ "ಇವರು ಬರುತ್ತಲೇ ಇದ್ದಾರಲ್ಲ" ಅಂದುಕೊಳ್ಳುತ್ತೀರೇನೋ ಅಂತ ಅವರು ಅಳುಕುತ್ತಲೇ ಇರುತ್ತಾರೆ.

ಮಹಡಿಮನೆ:
ಏನಾದರೂ ಆದರೆ ಯಾರು ಹೊಣೆ, ಅದನ್ನು ಹೇಳಿ ಮೊದಲು. ನಿಮ್ಮ ಚಾರ್ಜರ್‌ನಿಂದ ಅವರ ಕಾರಿನ ಒಳ ಚಾರ್ಜರ್ ಹೋಯಿತು ಅಂದುಕೊಳ್ಳಿ. ಅಥವಾ ಅವರ ಕಾರಿನಿಂದ ನಿಮ್ಮ ಮನೆಗೆ ಬೆಂಕಿ ಬಿತ್ತು. ವಿಮೆಯವರು ಮೊದಲು ಕೇಳೋದೇ "ಬೇರೆಯವರ ಗಾಡಿ ಅಲ್ಲಿ ಯಾಕಿತ್ತು, ದುಡ್ಡು ತಗೊಳ್ಳುತ್ತಿದ್ದಿರಾ" ಅಂತ.

ಎಂಸಿಬಿ32:
ಚಾರ್ಜರ್‌ನಿಂದ ಕಾರು ಹಾಳಾಗೋದು ಅಷ್ಟು ಸುಲಭವಲ್ಲ. ಪ್ಲಗ್ ಸಿಕ್ಕಿಸಿದ ತಕ್ಷಣ ಕರೆಂಟು ಹರಿಯಲ್ಲ. ಮೊದಲು ಚಿಕ್ಕ ಪಿನ್ನಿನಲ್ಲಿ ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳುತ್ತವೆ. ಕಾರು ತಯಾರು ಅಂದ ಮೇಲೆ, ಅರ್ಥಿಂಗ್ ಸರಿಯಿದ್ದರೆ ಮಾತ್ರ ಚಾರ್ಜರ್ ಒಳಗಿನ ಕಾಂಟ್ಯಾಕ್ಟರ್ ಅನ್ನುವ ಸ್ವಿಚ್ಚು "ಟಕ್" ಅಂತ ಮುಚ್ಚುತ್ತದೆ. ಭಯ ಪಡಬೇಕಾದ್ದು ಗೋಡೆಯ ಹಿಂದಿನ ವೈರಿಂಗ್ ಬಗ್ಗೆ.

ಕೇಬಲ್‌ಅಕ್ಕ:
ವಿಮೆ ವಿಷಯದಲ್ಲಿ ಮಹಡಿಮನೆ ಹೇಳಿದ್ದರಲ್ಲಿ ಹುರುಳಿದೆ. ಕರೆಂಟಿನ ಖರ್ಚು ಮಾತ್ರ ತಗೊಳ್ಳೋದು ಬೇರೆ, ಲಾಭ ಇಟ್ಟು ಕೊಡೋದು ಬೇರೆ. ಎರಡನೆಯದು ವ್ಯಾಪಾರ ಅನ್ನಿಸಿಕೊಳ್ಳಬಹುದು. ಆಗ ಮನೆಯ ವಿಮೆ, ಮನೆಯ ಕರೆಂಟ್ ದರ, ತೆರಿಗೆ ಎಲ್ಲದರಲ್ಲೂ ಪ್ರಶ್ನೆ ಏಳುತ್ತದೆ. ನಿಯಮ ದೇಶ ದೇಶಕ್ಕೆ ಬೇರೆ. ವಿಮೆಯವರಿಗೆ ಒಂದು ಮೇಲ್ ಹಾಕಿ ಕೇಳಿ, ಬರಹದಲ್ಲಿ ಉತ್ತರ ತಗೊಂಡು ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ನಿಲ್ಲಲ್ಲ.

ಹಳೇಚಾಲಕ:
ನನ್ನ ಕೇಳಿದರೆ ಮೂಲ ತಪ್ಪೇ ಬೇರೆ ಕಡೆ ಇದೆ. ಬೀದಿ ಬದಿಯಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಚಾರ್ಜರ್ ಹಾಕಿಸೋದು ಆಡಳಿತದವರ ಕೆಲಸ. ಅದನ್ನು ಮಾಡದೆ ಮನೆಯವರ ಒಳ್ಳೆಯತನದ ಮೇಲೆ ಬಿಟ್ಟರೆ ಹೇಗೆ?

ಬಾಡಿಗೆಮನೆ:
ಒಪ್ಪಿದೆ, ಹಾಕಿಸಲಿ. ಅಲ್ಲಿಯ ತನಕ ನನ್ನ ಕಾರು ಓಡಬೇಕಲ್ಲ ಸಾರ್.

ದೂರದೇಶಿ:
ಎರಡೂ ಬೇಕು. ಫಾಸ್ಟ್ ಚಾರ್ಜರ್ ದೂರದ ಪ್ರಯಾಣಕ್ಕೆ. ದಿನದ ಓಡಾಟಕ್ಕೆ ಕಾರು ನಿಂತ ಕಡೆಯೇ ನಿಧಾನವಾಗಿ ಆಗೋದು ಚೆಂದ. ಅದರಲ್ಲೂ 7.4 ಬೇಕಂತಲೇ ಇಲ್ಲ. 10 ಆಂಪಿಯರ್‌ಗೆ ಇಳಿಸಿಟ್ಟರೂ ರಾತ್ರಿ ಎಂಟು ಗಂಟೆಯಲ್ಲಿ 100 ಕಿ.ಮೀ.ಗೆ ಆಗುವಷ್ಟು ತುಂಬುತ್ತದೆ. ಮನೆಯ ಲೋಡೂ ಏರಲ್ಲ, ಎಂಸಿಬಿ32 ಹೇಳಿದ ಬಿಸಿಯೂ ಕಮ್ಮಿ.

ಎಂಸಿಬಿ32:
ಒಳ್ಳೆಯ ಸಲಹೆ. ಆಂಪಿಯರ್ ಅರ್ಧ ಮಾಡಿದರೆ ಸ್ಕ್ರೂ ಹತ್ತಿರದ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಹೆಚ್ಚಿನ ಚಾರ್ಜರ್‌ಗಳಲ್ಲಿ 6 ಆಂಪಿಯರ್ ತನಕ ಇಳಿಸಬಹುದು.

ಸಂಜೆಗಾಳಿ:
ಎಲ್ಲರಿಗೂ ಥ್ಯಾಂಕ್ಸ್. ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ. ಬಾಡಿಗೆಮನೆ ಅವರ ಮಾತು ಕೇಳಿದ ಮೇಲೆ ಅತ್ತೆ ದುಡ್ಡಿನ ವಿಷಯಕ್ಕೆ ಒಪ್ಪಿದರು. ಹಳೇಚಾಲಕ ಅವರಿಗೆ ಆದದ್ದು ಕೇಳಿ ನಮ್ಮ ಯಜಮಾನರು "ನೋಡಿದೆಯಾ" ಅಂದರು. ಆದರೆ ಹೊತ್ತು ಗೊತ್ತು ಮಾಡಿಕೊಂಡರೆ ಆಗಬಹುದು ಅಂತ ಅವರೇ ಕೊನೆಗೆ ಹೇಳಿದರು.

ನಿನ್ನೆ ಸಂಜೆ ಹಿಂದಿನ ಸಾಲಿನ ಆ ಮನೆಯವರನ್ನು ಕರೆದು ಕೂತು ಮಾತಾಡಿದೆವು. ಬುಧವಾರ ರಾತ್ರಿ ಒಂಬತ್ತರ ಒಳಗೆ ಬರಬೇಕು, ಗುರುವಾರ ಬೆಳಿಗ್ಗೆ ಆರೂವರೆಗೆ ತೆಗೆಯಬೇಕು. ದುಡ್ಡು ಚಾರ್ಜರ್ ತೋರಿಸುವ ಯೂನಿಟ್‌ಗೆ, ನಮ್ಮ ಬಿಲ್ಲಿನ ತುದಿಯ ದರದಲ್ಲಿ. ತಿಂಗಳ ಕೊನೆಗೆ ಅವರೇ ಲೆಕ್ಕ ಹಾಕಿ ಕಳಿಸುತ್ತಾರೆ. ನಾವು ಊರಲ್ಲಿಲ್ಲದಿದ್ದರೆ ಆ ವಾರ ಇಲ್ಲ. ಬೇರೆಯವರು ಯಾರಾದರೂ ಕೇಳಿದರೆ ಸದ್ಯಕ್ಕೆ ಇಲ್ಲ ಅನ್ನುತ್ತೇವೆ ಅಂತಲೂ ತೀರ್ಮಾನವಾಯಿತು. ಇಷ್ಟು ಬಿಚ್ಚಿ ಮಾತಾಡಿದ್ದಕ್ಕೆ ಅವರಿಗೇ ಹೆಚ್ಚು ನೆಮ್ಮದಿಯಾದ ಹಾಗೆ ಕಂಡಿತು.

ವೈರಿಂಗ್ ನೋಡಿಸುವ ತನಕ ಶುರು ಮಾಡಲ್ಲ. ಒಂದು ಪ್ರಶ್ನೆ ಉಳಿದಿದೆ. ನಮ್ಮ ಚಾರ್ಜರ್‌ನ ಆ್ಯಪ್‌ನಲ್ಲಿ ಎರಡು ಕಾರಿನ ಲೆಕ್ಕ ಬೇರೆ ಬೇರೆ ಬರುತ್ತಿಲ್ಲ. ಏನು ಮಾಡಬಹುದು?

ಮಹಡಿಮನೆ:
ಇಷ್ಟು ಕಟ್ಟುನಿಟ್ಟಾಗಿ ಮಾತಾಡಿಕೊಂಡಿದ್ದೀರಿ ಅಂದರೆ ನನ್ನ ತಕರಾರಿಲ್ಲ. ನಾನಂತೂ ಕೊಡಲ್ಲ, ಆದರೆ ನೀವು ಮಾಡಿದ್ದು ಸರಿಯಾಗಿದೆ.

ಯೂನಿಟ್‌ಲೆಕ್ಕ:
ಚಾರ್ಜರ್ ಮೇಲೆ ಕಾರ್ಡ್ ತೋರಿಸುವ ಗುರುತು ಇದೆಯಾ ನೋಡಿ. ಇದ್ದರೆ ಅವರಿಗೆ ಬೇರೆ ಆರ್‌ಎಫ್‌ಐಡಿ ಕಾರ್ಡ್ ಸೇರಿಸಿ ಕೊಡಬಹುದು. ಆಗ ಅವರ ಕಾರ್ಡ್‌ನಿಂದ ಶುರುವಾದದ್ದೆಲ್ಲ ಬೇರೆಯಾಗಿ ದಾಖಲಾಗುತ್ತದೆ. ಕಾರ್ಡ್ ಇಲ್ಲದ ಚಾರ್ಜರ್ ಆದರೆ ಓಸಿಪಿಪಿ ಇದೆಯಾ ಅಂತ ಪುಸ್ತಕದಲ್ಲಿ ಹುಡುಕಿ. ಅದು ಬೇರೆ ಬೇರೆ ಕಂಪನಿಯ ಚಾರ್ಜರ್‌ಗಳನ್ನು ಒಂದೇ ತರಹ ನಡೆಸುವ ತೆರೆದ ನಿಯಮಾವಳಿ. ಅದಿದ್ದರೆ ಬೇರೆ ಆ್ಯಪ್‌ಗೆ ಜೋಡಿಸಿ ಲೆಕ್ಕ ತೆಗೆಯಬಹುದು.

ಎರಡೂ ಇಲ್ಲದಿದ್ದರೆ ಬುಧವಾರ ಹಾಕುವ ಮುಂಚೆ ಒಂದು ಫೋಟೊ, ಗುರುವಾರ ತೆಗೆದ ಮೇಲೆ ಒಂದು ಫೋಟೊ, ಚಾರ್ಜರ್ ಪರದೆಯ ಒಟ್ಟು ಯೂನಿಟ್ ಕಾಣುವ ಹಾಗೆ. ಅವರೇ ತೆಗೆದು ನಿಮಗೆ ಕಳಿಸಲಿ. ವಾರಕ್ಕೊಂದೇ ಸಲ ಅಲ್ವಾ, ಇಷ್ಟೇ ಸಾಕಾಗುತ್ತದೆ.

ಸಂಜೆಗಾಳಿ:
ಕಾರ್ಡ್ ಗುರುತು ಇದೆ ಸಾರ್! ಚಾರ್ಜರ್ ಬಂದ ಡಬ್ಬಿಯ ಒಳಗೆ ಎರಡು ಕಾರ್ಡೂ ಸಿಕ್ಕವು, ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಸೇರಿಸೋದು ಹೇಗೆ?

ಯೂನಿಟ್‌ಲೆಕ್ಕ:
ಒಂದೊಂದು ಚಾರ್ಜರ್‌ನಲ್ಲಿ ಒಂದೊಂದು ತರಹ. ಹೆಚ್ಚಾಗಿ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ ಕಾರ್ಡ್ ಸೇರಿಸುವ ಜಾಗ ಇರುತ್ತದೆ. ಅದನ್ನು ಒತ್ತಿ ಕಾರ್ಡನ್ನು ಗುರುತಿನ ಹತ್ತಿರ ಹಿಡಿಯಿರಿ. ಆಮೇಲೆ "ಪ್ಲಗ್ ಹಾಕಿದ ತಕ್ಷಣ ಶುರು" ಅನ್ನುವ ಆಯ್ಕೆಯನ್ನು ಆಫ್ ಮಾಡೋದು ಮರೆಯಬೇಡಿ. ಅದು ಆನ್ ಇದ್ದರೆ ಕಾರ್ಡ್ ಕೇಳೋದೇ ಇಲ್ಲ.